ಅನುರಾಗಕ್ಕೆ ಅಂಕ ಕೊಡಬಹುದೇ?

ಹೊನ್ನವಳ್ಳಿ ಸೀಮೆಯಲ್ಲಿ ಮನೆಮಗಳು ಬಾಣಂತನಕ್ಕೆ ಬಂದಳೆಂದರೆ ಅಟ್ಟದ ಮೇಲಿನ ಕೊಬ್ಬರಿ ಕೆಳಗಿಳಿಯುತ್ತದೆ. ವರ್ಷದ ಹತ್ತಿರ ಸಿಪ್ಪೆಯೊಳಗೇ ಕೂತು, ನೀರೆಲ್ಲ ಇಂಗಿ, ಅಲ್ಲಾಡಿಸಿದರೆ ಚಿಪ್ಪಿನೊಳಗೆ ಸದ್ದು ಮಾಡುವ ಉಂಡೆ ಕೊಬ್ಬರಿ. ತಿಪಟೂರಿನ ಮಾರುಕಟ್ಟೆಗೆ ಹೋಗುವುದು ಹೋಗಲಿ ಎಂದು ಮನೆಗೆ ಬೇಕಾದಷ್ಟು ತೆಗೆದಿಟ್ಟುಕೊಂಡು, ತುರಿದು, ಬೆಲ್ಲ, ಅಂಟು, ಒಣಶುಂಠಿ ಬೆರೆಸಿ ಉಂಡೆ ಕಟ್ಟುತ್ತಾರೆ. ಬಾಣಂತಿಯ ಕಿವಿಗೆ ಹತ್ತಿ, ತಲೆಗೆ ಬಟ್ಟೆ, ಮೈಗೆ ಸುಡುಸುಡು ನೀರು, ಕೂಸಿಗೆ ಸಾಂಬ್ರಾಣಿ ಹೊಗೆ. ಕೆಲವು ಮನೆಗಳಲ್ಲಿ ಅವಳಿಗೆ ಕುಡಿಯುವ ನೀರನ್ನೂ ಅಳೆದು ಕೊಡುತ್ತಾರೆ. ಮೊದಲ ದಿನದ ಹಳದಿ ಹಾಲನ್ನು ಹಿಂಡಿ ಚೆಲ್ಲುವ ವಾಡಿಕೆ ಇನ್ನೂ ಪೂರ್ತಿ ಅಳಿದಿಲ್ಲ.

ಈ ಮನೆಗೆ ಸಿಸ್ಟರ್ ಬರುತ್ತಾಳೆ. ಅವಳು ಏನನ್ನು ಒಪ್ಪಬೇಕು, ಏನನ್ನು ಬಿಡಿಸಬೇಕು, ಯಾವ ಅಧಿಕಾರದಿಂದ?

ಈ ಪ್ರಶ್ನೆ ಮೇಲುನೋಟಕ್ಕೆ ಆರೋಗ್ಯ ಇಲಾಖೆಯದು. ಆದರೆ ಆ ಉಂಡೆಯ ಹಿಂದೆ ಅಜ್ಜಿಯ ಅನುಭವವಿದೆ, ಬಾಣಂತಿಯ ಕೋಣೆಯ ಹಿಂದೆ ಸೂತಕವಿದೆ, ಸೂತಕದ ಹಿಂದೆ ದೇವರಿದ್ದಾನೆ. ನರ್ಸಿಂಗ್‌ನಲ್ಲಿ ಸ್ನಾತಕೋತ್ತರ ಓದಿಗೆ ಹೋದ ಹೆಣ್ಣುಮಗಳಿಗೆ ಇದು ಪಠ್ಯವಾಗಿಯೇ ಎದುರಾಗುತ್ತದೆ. 1996ರಲ್ಲಿ ಶುರುವಾದ ರಾಜೀವ್ ಗಾಂಧಿ ಆರೋಗ್ಯ ವಿಜ್ಞಾನಗಳ ವಿಶ್ವವಿದ್ಯಾಲಯದ ಅಡಿಯಲ್ಲಿ ಕರ್ನಾಟಕದ ಕಾಲೇಜುಗಳು ನಡೆಸುವ ಎಂ.ಎಸ್ಸಿ. ನರ್ಸಿಂಗ್ ಎರಡು ವರ್ಷದ ಓದು. ಬಿ.ಎಸ್ಸಿ. ಮುಗಿಸಿ ಒಂದು ವರ್ಷವಾದರೂ ಕೆಲಸ ಮಾಡಿದವರಿಗೆ ಪ್ರವೇಶ. ಮೊದಲ ವರ್ಷ ನರ್ಸಿಂಗ್ ಶಿಕ್ಷಣ, ಉನ್ನತ ನರ್ಸಿಂಗ್ ವೃತ್ತಿ, ಸಂಶೋಧನೆ ಮತ್ತು ಸಂಖ್ಯಾಶಾಸ್ತ್ರ. ಎರಡನೆಯ ವರ್ಷ ಆಡಳಿತ, ಪ್ರಬಂಧ. ಎರಡೂ ವರ್ಷ ಒಂದು ವಿಶೇಷ ವಿಷಯ. ಸಮುದಾಯ ಆರೋಗ್ಯ, ಪ್ರಸೂತಿ, ಮಕ್ಕಳು, ಮನೋರೋಗ, ಇಲ್ಲವೇ ಔಷಧ-ಶಸ್ತ್ರಚಿಕಿತ್ಸೆ. ಈ ಒಣ ಪಟ್ಟಿಯೊಳಗೆ ತತ್ವಶಾಸ್ತ್ರದ ಒಂದು ದೊಡ್ಡ ತುಂಡು ಅಡಗಿದೆ ಎಂಬುದು ಹೊರಗಿನವರಿಗೆ ಸಾಮಾನ್ಯವಾಗಿ ತಿಳಿದಿರುವುದಿಲ್ಲ. ಆರೈಕೆ ಎಂದರೇನು, ಮನುಷ್ಯನ ಮೈ ಎಂದರೇನು, ಇನ್ನೊಬ್ಬರ ನಂಬಿಕೆಯೊಳಗೆ ಕೈ ಹಾಕುವ ಹಕ್ಕು ಯಾರದು ಎಂದು ಕೇಳುವ ಸಿದ್ಧಾಂತಗಳು ಅಲ್ಲಿವೆ.

ಅವುಗಳಲ್ಲಿ ಬಾಣಂತಿಯ ಕೋಣೆಗೆ ನೇರವಾಗಿ ಒಪ್ಪುವುದು ಮೆಡಲಿನ್ ಲೀನಿಂಜರ್ ಅವರದು. 1950ರ ದಶಕದಲ್ಲಿ ಅಮೆರಿಕದ ಸಿನ್ಸಿನಾಟಿಯ ಮಕ್ಕಳ ಮನೋಚಿಕಿತ್ಸಾ ಕೇಂದ್ರವೊಂದರಲ್ಲಿ ಕೆಲಸ ಮಾಡುತ್ತಿದ್ದ ಈ ನರ್ಸ್, ಬೇರೆ ಬೇರೆ ಹಿನ್ನೆಲೆಯ ಮಕ್ಕಳು ಒಂದೇ ಆರೈಕೆಗೆ ಬೇರೆ ಬೇರೆಯಾಗಿ ಸ್ಪಂದಿಸುವುದನ್ನು ಕಂಡರು. ಮಾನವಶಾಸ್ತ್ರ ಓದಲು ಹೊರಟರು, ನ್ಯೂಗಿನಿಯ ಗಡ್ಸಪ್ ಜನರ ನಡುವೆ ಹೋಗಿ ಇದ್ದರು. ಕೊನೆಗೆ ಅವರು ಹೇಳಿದ್ದು ಮೂರು ದಾರಿ. ಒಳ್ಳೆಯ ಆಚರಣೆಯನ್ನು ಉಳಿಸು. ಅನುಮಾನದ್ದನ್ನು ಮಾತುಕತೆಯಿಂದ ಹೊಂದಿಸು. ಕೆಡುಕಿನದನ್ನು ಆ ಜನರ ಜೊತೆಗೂಡಿಯೇ ಹೊಸದಾಗಿ ಕಟ್ಟು. ಈ ಸೂತ್ರವನ್ನು ಹೊನ್ನವಳ್ಳಿಗೆ ತಂದರೆ ಕೊಬ್ಬರಿ ಉಂಡೆ ಮೊದಲನೆಯ ಸಾಲಿಗೆ ಸೇರುತ್ತದೆ. ಸಾಂಬ್ರಾಣಿ ಎರಡನೆಯದಕ್ಕೆ, ಹೊಗೆ ಕೂಸಿನ ಮೂಗಿಗೆ ಹೋಗದಂತೆ ನೋಡಿಕೊಳ್ಳಿ ಎಂದರೆ ಅಜ್ಜಿ ಒಪ್ಪಿಯಾಳು. ಚೆಲ್ಲುವ ಹಳದಿ ಹಾಲು, ಅಳೆದು ಕೊಡುವ ನೀರು ಮೂರನೆಯದಕ್ಕೆ. ಆ ಹಾಲು ಕೂಸಿಗೆ ಮೊದಲ ರೋಗನಿರೋಧಕ, ಹಾಲೂಡಿಸುವ ತಾಯಿಗೆ ನೀರು ಹೆಚ್ಚೇ ಬೇಕು.

ಇಷ್ಟರವರೆಗೆ ಸುಲಭ. ತೊಡಕು ಮನೆಯೊಳಗಿಲ್ಲ, ಊರಾಚೆಯ ಗುಡಿಸಿಲಿನಲ್ಲಿದೆ.

ತುಮಕೂರು ಜಿಲ್ಲೆಯ ಚಿಕ್ಕನಾಯಕನಹಳ್ಳಿ, ಶಿರಾ, ಗುಬ್ಬಿ ಕಡೆ ಕಾಡುಗೊಲ್ಲರ ಹಟ್ಟಿಗಳಿವೆ. ದನ-ಕುರಿ ಕಾಯ್ದ ಜನ, ಜುಂಜಪ್ಪನನ್ನು ಹಾಡಿ ಹೊಗಳುವ ಜನ. ಹಟ್ಟಿ ಎಂದರೆ ಬರಿ ಮನೆಗಳ ಗುಂಪಲ್ಲ, ದೇವರ ಜಾಗ. ಆದ್ದರಿಂದ ಮುಟ್ಟಾದ ಹೆಣ್ಣು, ಹೆತ್ತ ಹೆಣ್ಣು ಅದರ ಎಲ್ಲೆಯಾಚೆ ಇರಬೇಕು. ಇದಕ್ಕಾಗಿ ಅನೇಕ ಹಟ್ಟಿಗಳಲ್ಲಿ ಹೊರಗೆ ಗುಡಿಸಿಲು ಹಾಕುವ ರೂಢಿ ಬಂದಿದೆ. ಸರ್ಕಾರ ಕೆಲವೆಡೆ ಕೃಷ್ಣ ಕುಟೀರ ಎಂಬ ಕಟ್ಟಡಗಳನ್ನೂ ಕಟ್ಟಿಸಿತು. ಗುಡಿಸಿಲಿಗಿಂತ ಗೋಡೆ ಮೇಲು ಎಂಬ ಲೆಕ್ಕ, ಹೊರಗಿಡುವುದನ್ನು ಗಟ್ಟಿ ಮಾಡಿದಂತಾಗುತ್ತದೆ ಎಂಬ ಆಕ್ಷೇಪ, ಎರಡೂ ಎದ್ದವು. 2017ರಲ್ಲಿ ಕರ್ನಾಟಕ ಅಮಾನವೀಯ ದುಷ್ಟ ಪದ್ಧತಿಗಳ ವಿರುದ್ಧ ಮಾಡಿದ ಕಾಯ್ದೆಯಲ್ಲಿ ಮುಟ್ಟಾದವರನ್ನು, ಬಸುರಿಯರನ್ನು ಬಲವಂತವಾಗಿ ಪ್ರತ್ಯೇಕ ಇಡುವುದೂ ಅಪರಾಧ. ಆದರೂ 2023ರ ಜುಲೈನಲ್ಲಿ ತುಮಕೂರಿನ ಹತ್ತಿರದ ಮಲ್ಲೇನಹಳ್ಳಿ ಗೊಲ್ಲರಹಟ್ಟಿಯಲ್ಲಿ, ಬಾಣಂತಿಯ ಜೊತೆ ಹೊರಗಿನ ಗುಡಿಸಿಲಿನಲ್ಲಿದ್ದ ಹಸುಗೂಸು ಮಳೆ-ಚಳಿಗೆ ಸಿಕ್ಕಿ ತೀರಿಕೊಂಡಿತು.

ಸೂತಕಕ್ಕೆ ವಿಜ್ಞಾನದ ಅಂಗಿ ತೊಡಿಸುವವರು ಇದ್ದಾರೆ. ಬಾಣಂತಿಗೆ ವಿಶ್ರಾಂತಿ ಸಿಗಲಿ, ಸೋಂಕು ತಗಲದಿರಲಿ ಎಂದು ಹಿರಿಯರು ಹೀಗೆ ಮಾಡಿದರು ಎನ್ನುತ್ತಾರೆ. ಈ ಸಮಜಾಯಿಷಿಯನ್ನು ಒರೆಗೆ ಹಚ್ಚಲೇಬೇಕು. ಸೋಂಕಿನ ಭಯ ಸುಳ್ಳಲ್ಲ. 1847ರಲ್ಲಿ ವಿಯೆನ್ನಾದ ಆಸ್ಪತ್ರೆಯಲ್ಲಿ ಇಗ್ನಾಜ್ ಸೆಮ್ಮೆಲ್‌ವೈಸ್ ಎಂಬ ವೈದ್ಯ, ಶವಪರೀಕ್ಷೆಯಿಂದ ನೇರವಾಗಿ ಹೆರಿಗೆ ಕೋಣೆಗೆ ಬರುವವರ ಕೈಯನ್ನು ಕ್ಲೋರಿನ್ ನೀರಿನಲ್ಲಿ ತೊಳೆಸಿದ ಮೇಲೆ ಬಾಣಂತಿ ಜ್ವರದ ಸಾವುಗಳು ಇಳಿದವು. ಆದರೆ ಅಲ್ಲಿ ತೊಳೆದುಕೊಂಡವರು ಮುಟ್ಟುವವರು. ಬಾಣಂತಿಯನ್ನು ಕಾಪಾಡಲು ಅವಳನ್ನು ಮುಟ್ಟುವ ಕೈ ಶುದ್ಧವಾಗಬೇಕಿತ್ತು. ಸೂತಕದಲ್ಲಿ ಈ ದಿಕ್ಕು ತಿರುವುಮುರುವು: ಅಶುದ್ಧಳು ಅವಳು, ಕಾಪಾಡಬೇಕಾದದ್ದು ಉಳಿದವರನ್ನು. ನಿಜವಾಗಿ ಅವಳ ರಕ್ಷಣೆಗೆಂದೇ ಬೇರೆ ಇಡುವುದಾದರೆ ಹಟ್ಟಿಯಲ್ಲಿ ಎಲ್ಲಕ್ಕಿಂತ ಬೆಚ್ಚನೆಯ ಕೋಣೆ ಅವಳದಾಗಬೇಕಿತ್ತು. ಹಸುಗೂಸಿಗೆ, ಅದರಲ್ಲೂ ತೂಕ ಕಡಿಮೆ ಇರುವ ಕೂಸಿಗೆ, ಮೈ ತಣ್ಣಗಾಗುವುದೇ ಪ್ರಾಣಾಪಾಯ. 1978ರಲ್ಲಿ ಕೊಲಂಬಿಯಾದ ಬೊಗೊಟಾದಲ್ಲಿ, ಇನ್‌ಕ್ಯುಬೇಟರುಗಳು ಸಾಲದಾದಾಗ, ಕೂಸನ್ನು ತಾಯಿಯ ಬರಿ ಎದೆಗೆ ಕಟ್ಟಿಕೊಳ್ಳುವ ಕಾಂಗರೂ ಆರೈಕೆ ಶುರುವಾಯಿತು. ಇಂದು ಜಗತ್ತಿನ ಎಲ್ಲ ಕಡೆ ಕಲಿಸುವ ಈ ವಿದ್ಯೆಗೆ ಬೇಕಾದದ್ದು ಬೆಚ್ಚಗಿನ ಜಾಗ, ಹೊಟ್ಟೆ ತುಂಬಿದ ತಾಯಿ, ಜೊತೆಗೊಬ್ಬರು. ಗುಡಿಸಿಲಿನಲ್ಲಿ ಮೂರೂ ಇರಲಿಲ್ಲ.

ಹಾಗೆಂದು ಹಟ್ಟಿಯವರನ್ನು ಮಾತ್ರ ಕಟಕಟೆಯಲ್ಲಿ ನಿಲ್ಲಿಸುವುದು ನ್ಯಾಯವಲ್ಲ. ಆ ಕೂಸಿನ ಸಾವಿಗೆ ಎಂಟು ತಿಂಗಳ ಹಿಂದೆ, 2022ರ ನವೆಂಬರ್ ಮೊದಲ ವಾರ, ಅದೇ ತುಮಕೂರಿನ ಜಿಲ್ಲಾಸ್ಪತ್ರೆಗೆ ತಮಿಳುನಾಡು ಮೂಲದ ಬಡ ಬಸುರಿಯೊಬ್ಬಳು ನೋವು ತಿನ್ನುತ್ತ ಬಂದಳು. ತಾಯಿ ಕಾರ್ಡ್ ಇಲ್ಲ, ಆಧಾರ್ ಇಲ್ಲ ಎಂದು ದಾಖಲು ಮಾಡಿಕೊಳ್ಳದೆ ವಾಪಸು ಕಳಿಸಿದರೆಂಬ ಆರೋಪ. ಮನೆಯಲ್ಲಿ ಹೆತ್ತಳು, ಅವಳೂ ಅವಳಿ ಮಕ್ಕಳೂ ಉಳಿಯಲಿಲ್ಲ. ಒಬ್ಬ ವೈದ್ಯೆ, ಮೂವರು ನರ್ಸ್‌ಗಳು ಅಮಾನತಾದರು. ಇಲ್ಲಿ ದೇವರಿರಲಿಲ್ಲ, ಮುಟ್ಟುಚಟ್ಟಿರಲಿಲ್ಲ. ಬಿಳಿ ಗೋಡೆ, ಬೆಳಗುವ ದೀಪ, ಓದಿದ ಜನ. ಹೊರಗೆ ನಿಲ್ಲಿಸಲು ಒಂದು ಕಾಗದದ ಕೊರತೆ ಸಾಕಾಯಿತು. ಹಟ್ಟಿಯ ಎಲ್ಲೆಯೂ ಆಸ್ಪತ್ರೆಯ ಕೌಂಟರೂ ಒಂದೇ ಕೆಲಸ ಮಾಡಿದವು. ನೋವಿನಲ್ಲಿರುವ ಮೈಗೂ ಅದನ್ನು ಮುಟ್ಟಬಲ್ಲ ಕೈಗೂ ನಡುವೆ ಒಂದು ನಿಯಮ ಬಂದು ನಿಂತಿತು, ನಿಯಮ ಪಾಲಿಸಿದವರಿಗೆ ತಾವು ಸರಿಯಾದದ್ದನ್ನೇ ಮಾಡುತ್ತಿದ್ದೇವೆಂಬ ಭಾವನೆಯೂ ಇತ್ತು. ಓದು ತಾನಾಗಿಯೇ ಕರುಣೆ ತರುತ್ತದೆಂಬ ನಂಬಿಕೆಯನ್ನು ಈ ಎರಡನೆಯ ಸಾವು ಮುರಿದು ಹಾಕುತ್ತದೆ.

ಹಾಗಾದರೆ ಏನು ತರುತ್ತದೆ? ಹಳೆಯವರು ಇದರ ಬಗ್ಗೆ ಆಳವಾಗಿ ಯೋಚಿಸಿದ್ದರು. ಚರಕ ಸಂಹಿತೆಯ ಸೂತ್ರಸ್ಥಾನ ಚಿಕಿತ್ಸೆಗೆ ನಾಲ್ಕು ಪಾದ ಎನ್ನುತ್ತದೆ: ವೈದ್ಯ, ಔಷಧ, ಉಪಚಾರಕ, ರೋಗಿ. ಉಪಚಾರ ಮಾಡುವವನಿಗೆ ನಾಲ್ಕು ಗುಣ ಬೇಕು. ಉಪಚಾರದ ಜ್ಞಾನ, ಕೈಚಳಕ, ಅನುರಾಗ, ಶೌಚ. ಗಮನಿಸಬೇಕಾದದ್ದು, ಅನುರಾಗ ಅಲ್ಲಿ ಮೇಲೆ ಉದುರಿಸಿದ ಅಲಂಕಾರವಲ್ಲ. ಜ್ಞಾನ, ಕೈಚಳಕಗಳ ಸಾಲಿನಲ್ಲೇ, ಅವುಗಳಷ್ಟೇ ತೂಕದ ಅರ್ಹತೆಯಾಗಿ ಅದು ಕೂತಿದೆ.

ಬೌದ್ಧರ ವಿನಯಪಿಟಕದಲ್ಲಿ ಇದಕ್ಕಿಂತ ಚುರುಕಾದ ಒಂದು ಪ್ರಸಂಗ ಬರುತ್ತದೆ. ಭೇದಿಯಿಂದ ನರಳುವ ಭಿಕ್ಷುವೊಬ್ಬ ತನ್ನ ಮಲಮೂತ್ರದಲ್ಲೇ ಬಿದ್ದಿದ್ದಾನೆ. ಉಳಿದ ಭಿಕ್ಷುಗಳು ಹತ್ತಿರ ಸುಳಿಯುತ್ತಿಲ್ಲ. ಅವನು ತಮಗೇನೂ ಮಾಡಿರಲಿಲ್ಲ ಎಂಬುದು ಅವರ ಕಾರಣ. ಬುದ್ಧ ಆನಂದನಿಂದ ನೀರು ತರಿಸುತ್ತಾನೆ, ಇಬ್ಬರೂ ಸೇರಿ ಅವನನ್ನು ತೊಳೆಯುತ್ತಾರೆ, ಎತ್ತಿ ಮಂಚದ ಮೇಲೆ ಮಲಗಿಸುತ್ತಾರೆ. ಆಮೇಲೆ ಸಂಘವನ್ನು ಕರೆಸಿ, ನಿಮಗೆ ತಾಯಿಯಿಲ್ಲ, ತಂದೆಯಿಲ್ಲ, ಒಬ್ಬರನ್ನೊಬ್ಬರು ನೋಡಿಕೊಳ್ಳದಿದ್ದರೆ ಇನ್ಯಾರು ನೋಡುತ್ತಾರೆ ಎಂದು ಕೇಳುತ್ತಾನೆ. ಅಲ್ಲೇ ಒಳ್ಳೆಯ ಶುಶ್ರೂಷಕನ ಐದು ಲಕ್ಷಣಗಳ ಪಟ್ಟಿಯೂ ಬರುತ್ತದೆ. ಔಷಧ ಅಣಿ ಮಾಡಬಲ್ಲವನು, ಪಥ್ಯಾಪಥ್ಯ ಬಲ್ಲವನು, ಲಾಭಕ್ಕಲ್ಲದೆ ಮೈತ್ರಿಯಿಂದ ನೋಡುವವನು, ಧರ್ಮದ ಮಾತಿನಿಂದ ಧೈರ್ಯ ತುಂಬುವವನು. ಜೊತೆಗೆ, ಮಲ, ಮೂತ್ರ, ಉಗುಳು, ವಾಂತಿಯನ್ನು ಕಂಡು ಅಸಹ್ಯಪಡದವನು. ಮೈಲಿಗೆಯ ಲೆಕ್ಕದ ಮೇಲೆ ಕಟ್ಟಿದ ಸಮಾಜದಲ್ಲಿ ಅಸಹ್ಯಪಡದಿರುವುದನ್ನು ಅರ್ಹತೆಯೆಂದು ಬರೆದದ್ದು ಕ್ರಾಂತಿಯ ಮಾತು. ಭಾರತದಲ್ಲಿ ನರ್ಸಿಂಗ್ ಬಹುಕಾಲ ಮೇಲ್ಜಾತಿಯ ಹೆಣ್ಣುಮಕ್ಕಳಿಗೆ ಸಲ್ಲದ ಕೆಲಸವಾಗಿ ಉಳಿದದ್ದು, ಮಿಷನ್ ಆಸ್ಪತ್ರೆಗಳ ಕ್ರೈಸ್ತ ಹುಡುಗಿಯರೇ ಅದನ್ನು ಮೊದಲು ಹೊತ್ತದ್ದು, ಊರಿನ ಸೂಲಗಿತ್ತಿಯರು ಬಹಳ ಕಡೆ ಮುಟ್ಟಿಸಿಕೊಳ್ಳದ ಜಾತಿಯವರೇ ಆಗಿದ್ದದ್ದು, ಎಲ್ಲವೂ ಅಸಹ್ಯಪಡದಿರುವ ಈ ಲಕ್ಷಣದ ಸುತ್ತಲಿನ ಚರಿತ್ರೆ. ಹೆರುವಾಗ ಬೇಕಾದ ಕೈ, ಹೆತ್ತ ಮೇಲೆ ಬೇಡವಾಗುತ್ತಿತ್ತು.

ಸರಿ, ಅನುರಾಗವೂ ಅಸಹ್ಯಪಡದಿರುವುದೂ ಅರ್ಹತೆಗಳೇ ಆದರೆ ಅವನ್ನು ಕಲಿಸಬಹುದೇ? ಪ್ಲೇಟೋನ ‘ಮೆನೊ’ ಸಂವಾದ ಶುರುವಾಗುವುದೇ ಸದ್ಗುಣ ಕಲಿಸಬಹುದಾದದ್ದೋ, ಅಭ್ಯಾಸದಿಂದ ಬರುವುದೋ, ಹುಟ್ಟಿನಿಂದಲೋ ಎಂಬ ಪ್ರಶ್ನೆಯಿಂದ. ಎಂ.ಎಸ್ಸಿ. ತರಗತಿಯ ನರ್ಸಿಂಗ್ ಶಿಕ್ಷಣ ಪತ್ರಿಕೆ ಈ ಪ್ರಶ್ನೆಗೆ ತನ್ನದೇ ಶೈಲಿಯಲ್ಲಿ ಉತ್ತರ ಕೊಡುತ್ತದೆ. ಬೆಂಜಮಿನ್ ಬ್ಲೂಮ್ ಮತ್ತು ಸಂಗಡಿಗರು 1956ರಲ್ಲಿ ಬುದ್ಧಿಯ ಕಲಿಕೆಯನ್ನು ಮೆಟ್ಟಿಲುಗಳಾಗಿ ವಿಂಗಡಿಸಿದರು. 1964ರಲ್ಲಿ ಡೇವಿಡ್ ಕ್ರಾಥ್‌ವೋಲ್ ಜೊತೆ ಭಾವದ ಕಲಿಕೆಗೂ ಐದು ಮೆಟ್ಟಿಲು ಹಾಕಿದರು. ಗಮನ ಕೊಡುವುದು, ಸ್ಪಂದಿಸುವುದು, ಬೆಲೆ ಕಟ್ಟುವುದು, ಬೆಲೆಗಳನ್ನು ಒಂದಕ್ಕೊಂದು ಹೊಂದಿಸಿಕೊಳ್ಳುವುದು, ಕೊನೆಗೆ ಅದೇ ಸ್ವಭಾವವಾಗುವುದು. ನಾಳೆ ಅಧ್ಯಾಪಕಿಯಾಗುವವಳು ಈ ಮೆಟ್ಟಿಲುಗಳ ಮೇಲೆ ಪಾಠಯೋಜನೆ ಬರೆಯಬೇಕು, ವಿದ್ಯಾರ್ಥಿಯ ನಡತೆ ನೋಡಿ ಅಂಕ ಕೊಡುವ ಪಟ್ಟಿ ತಯಾರಿಸಬೇಕು.

ಅನುರಾಗಕ್ಕೆ ಅಂಕ ಎಂದರೆ ಮೈ ಜುಮ್ಮೆನ್ನುವವರಿದ್ದಾರೆ. ಆ ಹಿಂಜರಿಕೆ ಅರ್ಥವಾಗುವಂಥದ್ದು. ಪರೀಕ್ಷಕರ ಎದುರು ರೋಗಿಯ ಕೈ ಹಿಡಿದು ಮುಗುಳ್ನಗುವುದನ್ನು ಯಾರಾದರೂ ಕಲಿಯಬಹುದು. ಆದರೆ ಮೊದಲನೆಯ ಮೆಟ್ಟಿಲನ್ನು ನೋಡಿ: ಗಮನ ಕೊಡುವುದು. ತೆಂಗಿನ ಮರದಿಂದ ಬಿದ್ದು ಬೆನ್ನುಹುರಿ ಮುರಿದು ಮಲಗಿದ ಗಂಡಾಳೊಬ್ಬನ ಬಗ್ಗೆ ಮನೆಯವರಿಗೆ ಪ್ರೀತಿ ಕಡಿಮೆಯಿರುವುದಿಲ್ಲ. ಹೆಂಡತಿ ಹಗಲೂ ರಾತ್ರಿ ಬಳಿಯಲ್ಲೇ ಇರುತ್ತಾಳೆ. ಆದರೂ ಸೊಂಟದ ಕೆಳಗೆ ಹುಣ್ಣು ಏಳುತ್ತದೆ, ಏಕೆಂದರೆ ಸ್ಪರ್ಶವಿಲ್ಲದ ಮೈಯನ್ನು ಎರಡೆರಡು ಗಂಟೆಗೆ ಮಗ್ಗುಲು ಬದಲಿಸಬೇಕೆಂದು, ಎಳೆಯುವಾಗ ಚರ್ಮ ಉಜ್ಜಬಾರದೆಂದು ಅವಳಿಗೆ ಯಾರೂ ಹೇಳಿಕೊಟ್ಟಿಲ್ಲ. ಹಾಸಿಗೆ ಹುಣ್ಣು ಸಾಮಾನ್ಯವಾಗಿ ರೋಗದ ತಪ್ಪಲ್ಲ, ಶುಶ್ರೂಷೆಯ ತಪ್ಪು ಎಂದು ಫ್ಲಾರೆನ್ಸ್ ನೈಟಿಂಗೇಲ್ 1859ರಷ್ಟು ಹಿಂದೆಯೇ ಬರೆದಿದ್ದರು. ಬಾರ್ಬರಾ ಬ್ರೇಡನ್ ಮತ್ತು ನ್ಯಾನ್ಸಿ ಬರ್ಗ್‌ಸ್ಟ್ರಾಮ್ ಎಂಬ ಇಬ್ಬರು ನರ್ಸ್‌ಗಳು 1980ರ ದಶಕದಲ್ಲಿ ಅದಕ್ಕೊಂದು ಮಾಪಕ ಮಾಡಿದರು: ಸ್ಪರ್ಶಜ್ಞಾನ, ತೇವ, ಓಡಾಟ, ಹೊರಳಾಟ, ಆಹಾರ, ಉಜ್ಜಾಟ ಈ ಆರನ್ನು ನೋಡಿ 6ರಿಂದ 23ರವರೆಗೆ ಅಂಕ ಹಾಕುವುದು, ಅಂಕ ಕಡಿಮೆಯಾದಷ್ಟೂ ಅಪಾಯ ಹೆಚ್ಚು. ಈ ಮಾಪಕ ಹಿಡಿದವಳು ಹುಣ್ಣು ಏಳುವ ಮೊದಲೇ ಅದನ್ನು ಕಾಣುತ್ತಾಳೆ. ಹೆಂಡತಿಯ ಪ್ರೀತಿಗಿಂತ ಇವಳ ಪ್ರೀತಿ ದೊಡ್ಡದಲ್ಲ; ಎಲ್ಲಿ ನೋಡಬೇಕೆಂದು ಕಲಿತದ್ದು. ಗಮನವಿಲ್ಲದ ಅನುರಾಗ ರೋಗಿಯ ಮೈವರೆಗೆ ತಲುಪುವುದೇ ಇಲ್ಲ, ಮತ್ತು ಗಮನ ಖಂಡಿತವಾಗಿ ಕಲಿಸಬಹುದಾದ ವಿದ್ಯೆ.

ಇದೇ ಜಿಲ್ಲೆಯ ಪಾವಗಡ ತಾಲ್ಲೂಕು ಕೃಷ್ಣಾಪುರದ ಸೂಲಗಿತ್ತಿ ನರಸಮ್ಮನವರ ಬದುಕು ಇದಕ್ಕೆ ಸಾಕ್ಷಿ. ಶಾಲೆಗೆ ಹೋಗದ ಆಕೆ ಹದಿನೈದು ಸಾವಿರಕ್ಕೂ ಹೆಚ್ಚು ಹೆರಿಗೆಗಳನ್ನು ಮಾಡಿಸಿದರು, ಒಂದಕ್ಕೂ ಹಣ ಕೇಳಲಿಲ್ಲ. ತುಮಕೂರು ವಿಶ್ವವಿದ್ಯಾಲಯ 2014ರಲ್ಲಿ ಗೌರವ ಡಾಕ್ಟರೇಟ್ ಕೊಟ್ಟಿತು, 2018ರಲ್ಲಿ ಪದ್ಮಶ್ರೀ ಬಂತು, ಅದೇ ವರ್ಷದ ಡಿಸೆಂಬರ್ 25ರಂದು ಅವರು ತೀರಿಕೊಂಡರು. ಅವರನ್ನು ನೆನೆಯುವಾಗ ಜನ ದೈವದತ್ತ, ಹುಟ್ಟುಗುಣ ಎನ್ನುತ್ತಾರೆ. ಹಾಗೆ ಹೇಳುವುದು ಅವರ ದುಡಿಮೆಯನ್ನು ಅರ್ಧ ಮರೆತಂತೆ. ಆಕೆ ಈ ವಿದ್ಯೆ ಕಲಿತದ್ದು ಅಜ್ಜಿ ಮರಿಗೆಮ್ಮನ ಪಕ್ಕದಲ್ಲಿ ಕೂತು, ನೋಡಿ, ಕೈಯಾಡಿಸಿ. ಹೊಟ್ಟೆಯ ಮೇಲೆ ಕೈಯಿಟ್ಟು ಕೂಸು ತಿರುಗಿರುವ ಬಗೆ ಹೇಳುವುದು ಪವಾಡವಲ್ಲ. ಗುರುವಿನ ಕಣ್ಣೆದುರು ಸಾವಿರ ಸಲ ಮಾಡಿದವರಿಗೆ ಒಲಿಯುವ ಜ್ಞಾನ. ಬಾರ್ಬರಾ ಕಾರ್ಪರ್ 1978ರ ತಮ್ಮ ಹೆಸರಾಂತ ಲೇಖನದಲ್ಲಿ ನರ್ಸಿನ ಅರಿವಿಗೆ ನಾಲ್ಕು ಮುಖ ಎಂದಾಗ ವಿಜ್ಞಾನದ ಜೊತೆ ಕಲೆ, ನೀತಿ, ಸ್ವಾನುಭವವನ್ನು ಸೇರಿಸಿದ್ದು ಇಂಥ ಅರಿವಿಗೆ ಜಾಗ ಮಾಡಿಕೊಡಲೆಂದೇ.

ನರಸಮ್ಮನವರ ಉದಾಹರಣೆಯಿಂದ ತೆಗೆಯಬಾರದ ಪಾಠವೂ ಒಂದಿದೆ. ಆಕೆ ಹಣ ಮುಟ್ಟಲಿಲ್ಲ ಎಂಬುದನ್ನು ಹಿಡಿದು, ಸೇವೆಯೆಂದ ಮೇಲೆ ಸಂಬಳದ ಮಾತೇಕೆ ಎನ್ನುವುದು. ಗುತ್ತಿಗೆಯ ಮೇಲೆ ವರ್ಷಗಟ್ಟಲೆ ದುಡಿಯುವ ನರ್ಸ್‌ಗಳಿಗೆ, ಆಶಾ ಕಾರ್ಯಕರ್ತೆಯರಿಗೆ ಈ ಮಾತು ಎಷ್ಟು ಸಲ ಕೇಳಿಸಿದೆಯೋ. ಹನ್ನೆರಡನೆಯ ಶತಮಾನದ ಶರಣರು ಕಾಯಕವನ್ನು ಪೂಜೆಯ ಎತ್ತರಕ್ಕೆ ಏರಿಸಿದಾಗ ದುಡಿದವನ ಹೊಟ್ಟೆಯನ್ನು ಮರೆತಿರಲಿಲ್ಲ. ದಾಸೋಹ ಕೊಡುವುದು ದುಡಿಮೆಯಿಂದ ಬಂದದ್ದರಲ್ಲಿ. ಆರೈಕೆಯನ್ನು ಬರಿ ಪುಣ್ಯದ ಖಾತೆಗೆ ಬರೆಯುವ ಸಮಾಜ ಅದನ್ನು ಪೂಜಿಸುತ್ತಲೇ ಅಗ್ಗ ಮಾಡುತ್ತದೆ. ವಿದ್ಯೆಯೆಂದು ಒಪ್ಪಿಕೊಂಡಾಗ ಮಾತ್ರ ಅದಕ್ಕೆ ಗುರು, ಸಮಯ, ಸಂಬಳ, ಹೊಣೆ ಎಲ್ಲ ಬರುತ್ತವೆ. ಸ್ನಾತಕೋತ್ತರ ಓದಿನ ನಿಜವಾದ ಸಮರ್ಥನೆ ಇದೇ.

ಈಗ ಹಟ್ಟಿಯ ಹೊರಗಿನ ಗುಡಿಸಿಲಿನೆದುರು ಸಮುದಾಯ ಆರೋಗ್ಯ ಓದುವ ವಿದ್ಯಾರ್ಥಿನಿಯೊಬ್ಬಳು ನಿಂತಿದ್ದಾಳೆ ಎಂದುಕೊಳ್ಳೋಣ. ಕಾಯ್ದೆ ಅವಳ ಕಡೆಗಿದೆ, ಪೊಲೀಸರನ್ನು ಕರೆಯಬಹುದು. ಆದರೆ ಒಳಗಿರುವ ಬಾಣಂತಿಯೇ ‘ಬೇಡಮ್ಮ, ಮನೆಯೊಳಗೆ ಹೋದರೆ ದನಕರುಗಳಿಗೆ, ಮಕ್ಕಳಿಗೆ ಏನಾದರೂ ಆದೀತು’ ಎಂದರೆ? ಅವಳ ಭಯ ನಾಟಕವಲ್ಲ. ಇನ್ನೊಂದು ದಾರಿಯೂ ಉಂಟು. ಈ ಸೀಮೆಯಲ್ಲಿ ದೇವರನ್ನು ಕೇಳುವ ರೂಢಿ ಗಟ್ಟಿಯಾಗಿದೆ. ತಿಪಟೂರಿನ ಬಳಿಯ ದಸರಿಘಟ್ಟದ ಚೌಡೇಶ್ವರಿ ಭಕ್ತರ ಪ್ರಶ್ನೆಗೆ ಬರೆದೇ ಉತ್ತರ ಕೊಡುತ್ತಾಳೆಂದು ದೂರದೂರದಿಂದ ಜನ ಬರುತ್ತಾರೆ. ಹಾಗೆಯೇ ಹಟ್ಟಿಯ ಪೂಜಾರಿಯ ಮನವೊಲಿಸಿ, ಬಾಣಂತಿ ಒಳಗಿರಲಿ ಎಂಬ ಅಪ್ಪಣೆ ಕೊಡಿಸಿದರೆ? ಕೂಸು ಉಳಿಯುತ್ತದೆ. ಆದರೆ ಹೆಣ್ಣಿನ ಮೈ ಎಲ್ಲಿರಬೇಕೆಂದು ತೀರ್ಮಾನಿಸುವ ಅಧಿಕಾರ ಪೂಜಾರಿಯದೇ ಎಂದು ಸಿಸ್ಟರೇ ಒಪ್ಪಿದಂತಾಗುತ್ತದೆ. ಲೀನಿಂಜರ್ ಅವರ ಎರಡನೆಯ ದಾರಿಗೂ ಮೂರನೆಯದಕ್ಕೂ ನಡುವಿನ ಇಕ್ಕಟ್ಟು ಇದು.

ಈ ಇಕ್ಕಟ್ಟಿನಲ್ಲಿ ಹೊತ್ತಿನ ಲೆಕ್ಕ ಮುಖ್ಯ. ತಣ್ಣಗಾಗುತ್ತಿರುವ ಕೂಸಿಗೆ ಇರುವುದು ಗಂಟೆಗಳು. ನಂಬಿಕೆ ಬದಲಾಗಲು ಬೇಕಾದದ್ದು ವರ್ಷಗಳು. ಇವತ್ತು ರಾತ್ರಿ ಪೂಜಾರಿಯ ಅಪ್ಪಣೆ ಕೆಲಸಕ್ಕೆ ಬರುವುದಾದರೆ ಅದನ್ನು ಕೇಳಬೇಕು, ಅದು ಸಿಗದಿದ್ದರೆ ಕಾಯ್ದೆಯನ್ನು ಕೇಳಬೇಕು, ಎರಡಕ್ಕೂ ಮೊದಲು ತಾನೇ ಒಳಗೆ ಹೋಗಿ ಕೂಸನ್ನು ತಾಯಿಯ ಎದೆಗೆ ಹಚ್ಚಿ ಹೊದಿಸಿ ಕೂರಬೇಕು. ಹಾಗೆ ಒಳಗೆ ಹೋದವಳು ಹಟ್ಟಿಯವರ ಲೆಕ್ಕದಲ್ಲಿ ತಾನೂ ಸೂತಕದವಳಾಗುತ್ತಾಳೆ. ಬುದ್ಧನ ಪಟ್ಟಿಯ ಅಸಹ್ಯಪಡದಿರುವ ಲಕ್ಷಣಕ್ಕೆ ಇವತ್ತಿನ ಅರ್ಥ ಅಷ್ಟು. ಆಮೇಲಿನ ವರ್ಷಗಳ ಕೆಲಸ ಹಟ್ಟಿಯ ಹೆಂಗಸರ ಜೊತೆ, ಆಶಾ ಜೊತೆ, ಶಾಲೆಗೆ ಹೋಗುವ ಹುಡುಗಿಯರ ಜೊತೆ. ಅವರಲ್ಲೇ ಎಷ್ಟೋ ಜನ ಈಗಾಗಲೇ ಈ ಕಟ್ಟಳೆಯನ್ನು ಪ್ರಶ್ನಿಸುತ್ತಿದ್ದಾರೆ.

ತೊಂದರೆಯೆಂದರೆ ಆ ವರ್ಷಗಳ ಕೆಲಸಕ್ಕೆ ಈ ಓದು ಮುಗಿಸಿದವಳು ಸಿಗುವುದಿಲ್ಲ. ಎಂ.ಎಸ್ಸಿ. ಆದವರಿಗೆ ಇರುವ ದಾರಿ ಬಹುಪಾಲು ಕಾಲೇಜಿನ ಪಾಠದ ಕೋಣೆ, ಇಲ್ಲವೇ ವಿದೇಶದ ವೀಸಾ. ಹೆಚ್ಚು ಓದಿದಷ್ಟೂ ರೋಗಿಯಿಂದ ದೂರ ಹೋಗುವಂತೆ ವ್ಯವಸ್ಥೆ ಕಟ್ಟಲಾಗಿದೆ. ಹೋಬಳಿ ಮಟ್ಟದ ಆಸ್ಪತ್ರೆಯಲ್ಲಿ, ಹಟ್ಟಿ-ಹಳ್ಳಿ ಸುತ್ತುವ ಹೊಣೆಯೊಂದಿಗೆ, ಸ್ನಾತಕೋತ್ತರ ನರ್ಸ್‌ಗೆಂದೇ ಒಂದು ಹುದ್ದೆ ಬೇಕು. ಕೇಂದ್ರ ಸರ್ಕಾರ 2018ರಲ್ಲಿ ಮಾರ್ಗಸೂಚಿ ಹೊರಡಿಸಿ, ಹದಿನೆಂಟು ತಿಂಗಳ ತರಬೇತಿ ಪಡೆದ ನರ್ಸ್‌ಗಳು ಸಹಜ ಹೆರಿಗೆಗಳನ್ನು ತಾವೇ ನಡೆಸುವ ಯೋಜನೆ ರೂಪಿಸಿದೆ. ಆ ತರಬೇತಿಯಲ್ಲಿ ಹೆರಿಗೆಯ ತಂತ್ರದ ಜೊತೆ, ಬಾಣಂತಿಯನ್ನು ಮನೆಯವರೆಗೆ ಹಿಂಬಾಲಿಸಿ ಮೊದಲ ತಿಂಗಳು ನೋಡಿಕೊಳ್ಳುವ ಹೊಣೆಯೂ ಸೇರಬೇಕು. ಚಿಕ್ಕನಾಯಕನಹಳ್ಳಿಯ ಹಟ್ಟಿಗಳಿಗೆ, ಹೊನ್ನವಳ್ಳಿಯ ಹಳ್ಳಿಗಳಿಗೆ ಅಂಥ ಒಬ್ಬೊಬ್ಬಳು ಬಂದರೆ, ಪ್ರಬಂಧದ ವಿಷಯಕ್ಕಾಗಿ ವಿದ್ಯಾರ್ಥಿಗಳು ಬೆಂಗಳೂರಿನ ದೊಡ್ಡ ಆಸ್ಪತ್ರೆಗಳಲ್ಲಿ ಪ್ರಶ್ನಾವಳಿ ಹಂಚುತ್ತ ತಿರುಗುವುದೂ ಕಡಿಮೆಯಾದೀತು.